ಧನಮಾಯಾ ಪಾಲಿಗೆ ಜ್ಯೂಸ್ ಬಾಟ್ಲಿ

ಜಯಲಕ್ಷ್ಮಿ ಫೋನ್ ಮಾಡಿ, "ಶಾಂತಾ, ನಮ್ಮ ಗೆಳತಿಯರ ಬಳಗದ ದೀಪಾವಳಿ ಸಂಚಿಕೆಗೆ ನೀನೂ ಏನಾದ್ರೂ ಬರ್ಕೊಡೇ. ಈ ಊರಲ್ಲಿ ನಿನಗೆ ಗೊತ್ತಿರೋ ಯಾರಾದ್ರೂ ಒಬ್ಬರ ಬಗ್ಗೆ. ದೊಡ್ಡ ಮನುಷ್ಯರೇ ಆಗ್ಬೇಕು ಅಂತೇನಿಲ್ಲ," ಅಂದ್ಲು. ನಾನು ಆಸ್ಪತ್ರೇಲಿ ನರ್ಸು. ಇಷ್ಟು ವರ್ಷ ನಾನು ಬರೆದಿರೋದು ಅಂದ್ರೆ ರೋಗಿ ಎಷ್ಟು ನೀರು ಕುಡಿದ, ಎಷ್ಟು ಹೊರಗೆ ಹೋಯ್ತು, ಅಷ್ಟೇ. ಆಗಲ್ಲ ಕಣೇ ಅಂದೆ. ಅವಳು ಬಿಡೋ ಪೈಕಿ ಅಲ್ಲ. ಸರಿ, ಹಾಗಾದ್ರೆ ನೀವೆಲ್ಲ ಹಬ್ಬಹಬ್ಬಕ್ಕೂ ಮೈಮೇಲೆ ಹಾಕ್ಕೊಂಡು ಓಡಾಡೋ ಬಟ್ಟೆ ಯಾರ ಕೈಯಿಂದ ಬಂದದ್ದೋ ಅವಳ ಬಗ್ಗೆನೇ ಬರೀತೀನಿ. ಧನಮಾಯಾ ದರ್ಜಿ. ನಿಮ್ಮ ಬ್ಲೌಸ್ ಆಂಟಿ.

ಆಕ್ಲೆಂಡಲ್ಲಿ ಕೆಲಸ ಸಿಗುತ್ತೆ, ಮನೆ ಸಿಗುತ್ತೆ, ಹುಡುಕಿದ್ರೆ ನಂಜನಗೂಡಿನ ರಸಬಾಳೆ ಥರದ ಬಾಳೆಹಣ್ಣೂ ಸಿಗುತ್ತೆ. ಕೈ ಎತ್ತಿದ್ರೆ ಕಂಕುಳ ಹಿಡಿಯದ ಬ್ಲೌಸ್ ಮಾತ್ರ ಸಿಗಲ್ಲ. ಬಂದ ಹೊಸದ್ರಲ್ಲಿ ನಾನು ಮಾಲ್‌ನಲ್ಲಿರೋ ಆಲ್ಟರೇಷನ್ ಅಂಗಡಿಯೊಂದಕ್ಕೆ ರೇಷ್ಮೆ ಬ್ಲೌಸ್ ಪೀಸ್ ಕೊಟ್ಟಿದ್ದೆ. ಆ ಪುಣ್ಯಾತ್ಮ ಅದನ್ನ ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ಕಾಲರ್ ಬೇಕಾ ಅಂತ ಕೇಳಿದ. ಆಮೇಲೆ ಅವನು ಹೊಲಿದುಕೊಟ್ಟದ್ದನ್ನ ನನ್ನ ಗಂಡ ಅಶ್ವತ್ಥ ಕಾರ್ ಒರೆಸೋಕೆ ಇಟ್ಕೊಂಡ.

ಧನಮಾಯಾ ನನಗೆ ಸಿಕ್ಕಿದ್ದು ಡೊಮಿನಿಯನ್ ರೋಡಿನ ಬಸ್ಸಲ್ಲಿ. 2011 ಇರ್ಬೇಕು. ನನ್ನ ಹಿಂದಿನ ಸೀಟಲ್ಲಿ ಕೂತಿದ್ದ ಯಾರೋ ನನ್ನ ಚೂಡಿದಾರದ ಬೆನ್ನಿನ ಹೊಲಿಗೆ ಹಿಡಿದು ಜಗ್ಗಿದ ಹಾಗಾಯ್ತು. ತಿರುಗಿದ್ರೆ ಐದಡಿಯೂ ಇಲ್ಲದ ಒಬ್ಬ ಹೆಂಗಸು, ಮೂಗಲ್ಲಿ ದೊಡ್ಡ ನತ್ತು, ತಲೆಗೆ ಉಣ್ಣೆ ಟೋಪಿ. ಒಡಕು ಹಿಂದೀಲಿ, "ಯಾರು ಹೊಲಿದಿದ್ದು ಇದನ್ನ? ಅವನ ಕೈ ಸೇದಿಹೋಗ," ಅಂದ್ಲು. ಯಾರೋ ಏನೋ ಗೊತ್ತಿಲ್ಲ, ಬಸ್ಸಲ್ಲಿ ಬೆನ್ನು ಜಗ್ಗಿ ಬೈತಿದಾಳೆ! ನನಗೆ ಮೊದಲೇ ಮೂಗಿನ ತುದೀಲಿ ಕೋಪ. ಆದ್ರೆ ಅವಳು ಬೈದದ್ದು ನನ್ನನ್ನಲ್ಲ, ಹೊಲಿದವನನ್ನ. ಅಷ್ಟು ಸರಿಯಾದ ಬೈಗುಳ ಕೇಳಿ ತುಂಬ ದಿನ ಆಗಿತ್ತು. ಇಬ್ರೂ ಮೌಂಟ್ ರಾಸ್ಕಿಲ್‌ನಲ್ಲಿ ಒಂದೇ ಸ್ಟಾಪಲ್ಲಿ ಇಳಿದ್ವಿ.

ಅವಳ ಅಂಗಡಿ ಅಂದ್ರೆ ಬಾಡಿಗೆ ಮನೆಯ ಗ್ಯಾರೇಜು. ಒಂದು ಮೆಷಿನ್ನು, ಒಂದು ಇಸ್ತ್ರಿ ಮೇಜು, ಗೋಡೆ ಪೂರ್ತಿ ಮೊಳೆಗಳು, ಒಂದೊಂದು ಮೊಳೆಗೂ ಒಂದೊಂದು ನೂಲು. ಅವಳು ಟೇಪ್ ಹಿಡಿಯೋಳಲ್ಲ. ದಪ್ಪ ನೂಲೊಂದನ್ನ ನಮ್ಮ ಎದೆಗೆ, ತೋಳಿಗೆ, ಬೆನ್ನಿಗೆ ಸುತ್ತಿ ಅಲ್ಲಲ್ಲಿ ಗಂಟು ಹಾಕ್ತಾಳೆ. ಆ ಗಂಟುಗಳೇ ಅಳತೆ. ಓದು ಬರಹ ಬರಲ್ಲ, ಆದ್ರೆ ಯಾವ ಮೊಳೇಲಿ ಯಾರ ನೂಲಿದೆ ಅನ್ನೋದು ಅವಳಿಗೆ ಬಾಯಿಪಾಠ. "ಈ ನೂಲಿನವಳು ಪ್ರತಿ ವರ್ಷ ಒಂದು ಗಂಟು ಮುಂದಕ್ಕೆ ಹೋಗ್ತಾಳೆ, ಪ್ರತಿ ವರ್ಷ ಬ್ಲೌಸ್ ಕುಗ್ಗಿಹೋಯ್ತು ಅಂತ ಬಟ್ಟೆಗೆ ಬೈತಾಳೆ," ಅಂತ ಒಂದು ಮೊಳೆ ತೋರಿಸಿ ನಗ್ತಾಳೆ. ಆ ನೂಲು ಯಾರದ್ದು ಅಂತ ನಾನಿಲ್ಲಿ ಬರೆಯಲ್ಲ. ಜಯಲಕ್ಷ್ಮಿ ಸಂಚಿಕೆಯಿಂದ ಕಿತ್ತು ಹಾಕ್ತಾಳೆ.

ವಯಸ್ಸಲ್ಲಿ ನನಗಿಂತ ಹದಿನೆಂಟು ವರ್ಷ ದೊಡ್ಡೋಳು. ನಾನು ಅವಳನ್ನ ದೀದಿ ಅಂತೀನಿ, ಅವಳು ನನ್ನನ್ನ ಬಹಿನಿ, ಅಂದ್ರೆ ತಂಗಿ, ಅಂತಾಳೆ. ಅಕ್ಕನ್ನ ಏಕವಚನದಲ್ಲೇ ಅನ್ನೋದು ನಮ್ಮ ಕಡೆ ರೂಢಿ, ಹಾಗಾಗಿ ಇಲ್ಲೂ ಹಾಗೇ ಬರೀತೀನಿ.

ಅವಳು ಹುಟ್ಟಿದ್ದು ಭೂತಾನದಲ್ಲಿ, ಚಿರಾಂಗ್ ಅನ್ನೋ ಕಡೆ. ಆಡೋ ಮಾತು ನೇಪಾಳಿ. ಅವಳ ಮುತ್ತಾತನ ಕಾಲದಲ್ಲೇ ನೇಪಾಳದಿಂದ ಹೋಗಿ ಅಲ್ಲಿ ನೆಲೆ ನಿಂತವರು. ಎಂಬತ್ತರ ದಶಕದ ಕೊನೇಲಿ, ಇನ್ಮೇಲೆ ಎಲ್ರೂ ಭೂತಾನದ ಉಡುಪೇ ಉಡ್ಬೇಕು ಅಂತ ಅಪ್ಪಣೆ ಬಂತು. ಅವಳು ಹೊಲೀತಿದ್ದ ನೇಪಾಳಿ ಚೋಲಿ ಹಾಕ್ಕೊಂಡು ರಸ್ತೆಗೆ ಬಂದವರಿಗೆ ದಂಡ. "ಅವರ ಹೆಂಗಸರ ಬಟ್ಟೆಗೆ ಹೊಲಿಗೇನೇ ಬೇಡ ಬಹಿನಿ, ಸುತ್ಕೊಂಡ್ರೆ ಮುಗೀತು. ನನ್ನ ಹೊಟ್ಟೆ ಮೇಲೇ ಹೊಡೆದ್ರು," ಅಂತಾಳೆ. ಆಮೇಲೆ ಬಟ್ಟೆಯಷ್ಟಕ್ಕೇ ನಿಲ್ಲಲಿಲ್ಲ. ಊರಿಗೆ ಊರೇ ಖಾಲಿ. ಗಂಡ, ಮಗ, ಮೆಷಿನ್ನಿನ ತಲೆ, ಇಷ್ಟನ್ನ ಲಾರಿಗೆ ಹಾಕ್ಕೊಂಡು ನೇಪಾಳದ ನಿರಾಶ್ರಿತರ ಶಿಬಿರಕ್ಕೆ ಬಂದ್ಲು. ಬಿದಿರಿನ ಗುಡಿಸಲಲ್ಲಿ ಹದಿನೆಂಟು ವರ್ಷ. ಗಂಡ ಅಲ್ಲೇ ತೀರಿಕೊಂಡ. 2009ರಲ್ಲಿ ಮಗನ ಜೊತೆ ನ್ಯೂಜಿಲೆಂಡಿಗೆ ಬಂದ್ಲು.

"ಭೂತಾನದವರು ನೀನು ನೇಪಾಳದವಳು ಹೋಗು ಅಂದ್ರು. ನೇಪಾಳದವರು ನೀನು ಭೂತಾನದವಳು, ಶಿಬಿರ ಬಿಟ್ಟು ಆಚೆ ಬರ್ಬೇಡ ಅಂದ್ರು. ಇಲ್ಲಿ ಡೈರಿ ಅಂಗಡಿಯವನು ಇಂಡಿಯನ್ ಲೇಡಿ ಅಂತಾನೆ. ಹೋಗ್ಲಿ ಬಿಡು, ಅವನಾದ್ರೂ ಹಾಲು ಕೊಡ್ತಾನೆ," ಅಂತ ಇದನ್ನೆಲ್ಲ ನಗ್ತಾ ನಗ್ತಾನೇ ಹೇಳ್ತಾಳೆ. 2015ರಲ್ಲಿ ಇಲ್ಲಿನ ಪೌರತ್ವ ಸಿಕ್ತು. ಆ ಕಾಗದಕ್ಕೆ ರೇಷ್ಮೆ ಬಟ್ಟೇಲಿ ಗವಸು ಹೊಲಿದು ಮೊಳೆಗೆ ನೇತು ಹಾಕಿದಾಳೆ, ನಮ್ಮ ನೂಲುಗಳ ಪಕ್ಕದಲ್ಲೇ.

ಇಷ್ಟೆಲ್ಲ ಊರು ದಾಟಿ ಬಂದ್ರೂ ಒಂದು ಮಾತ್ರ ಅವಳ ಬೆನ್ನು ಬಿಟ್ಟಿರಲಿಲ್ಲ. ಅವಳು ದಮಾಯಿ ಜಾತಿ, ಬಟ್ಟೆ ಹೊಲಿಯೋರು. ಅವರಲ್ಲಿ ಅದು ನೀರು ನಡೆಯದ ಜಾತಿ. ಅಂದ್ರೆ ಅವಳ ಕೈಯಿಂದ ಬಟ್ಟೆ ತಗೋಬಹುದು, ನೀರು ತಗೋಬಾರದು. ಅವಳು ಬೇಯಿಸಿದ್ದನ್ನಂತೂ ಮುಟ್ಟಲೇಬಾರದು.

ನಮ್ಮ ಸುತ್ತಮುತ್ತ ಇರೋ ನೇಪಾಳಿ ಮಾತಿನ ಕುಟುಂಬಗಳೆಲ್ಲ ಸೇರಿ ಪ್ರತಿ ವರ್ಷ ದಶೈಂ ಹಬ್ಬ ಮಾಡ್ತಾರೆ, ನಮ್ಮ ದಸರಾ ಹೊತ್ತಿಗೆ. ಶಾಲೆಯ ಹಾಲ್ ಬಾಡಿಗೆಗೆ ಹಿಡಿದು, ಮನೆಗೊಂದು ಅಡಿಗೆ ತರೋದು. ಯಾರು ಏನು ತರ್ಬೇಕು ಅಂತ ಪಟ್ಟಿ ಮಾಡೋದು ಗೀತಾ ದಹಾಲ್. ಪಟ್ಟಿ ಗೀತಾ ಕೈಲಿ ಬರೆದದ್ದಾದ್ರೂ ಅಪ್ಪಣೆ ಅವಳ ಅತ್ತೆಯದ್ದು. ಎಂಬತ್ತು ದಾಟಿದ ಬ್ರಾಹ್ಮಣರ ಅಜ್ಜಿ, ಎಲ್ಲರಿಗೂ ಬಜೈ. ಬಜೈ ಅಂದ್ರೆ ಅಜ್ಜಮ್ಮ ಅಂತಲೇ. ಒಬ್ಬರಿಗೆ ಅನ್ನ, ಒಬ್ಬರಿಗೆ ಬೇಳೆ, ಒಬ್ಬರಿಗೆ ಉಪ್ಪಿನಕಾಯಿ. ಧನಮಾಯಾ ಹೆಸರಿನ ಮುಂದೆ ಮಾತ್ರ ಆರು ವರ್ಷ ಒಂದೇ ಸಾಲು. ಕಾಗದದ ತಟ್ಟೆ, ಸೀಲ್ ಒಡೆಯದ ಜ್ಯೂಸ್ ಬಾಟ್ಲಿ.

ಅವಳು ತಂದ ಬಾಟ್ಲಿಯ ಮುಚ್ಚಳ ಕೂಡ ಅವಳು ತೆಗೆಯೋ ಹಾಗಿಲ್ಲ. ತೆಗೆದ್ರೆ ಯಾರಿಗೂ ಬಾಯಾರಿಕೇನೇ ಆಗಲ್ಲ, ಬಾಟ್ಲಿ ಸಂಜೆವರೆಗೂ ಹಾಗೇ ನಿಂತಿರುತ್ತೆ.

ನನಗೆ ಇದು ಗೊತ್ತಾದಾಗ ಮೈಯೆಲ್ಲ ಉರೀತು. "ನಿನ್ನ ಕೈಲಿ ಚೋಲಿ ಹೊಲಿಸ್ಕೊಂಡು ಅದನ್ನೇ ಹಾಕ್ಕೊಂಡು ಬಂದು ನಿನ್ನ ಜ್ಯೂಸ್ ಬೇಡ ಅಂತಾರಾ? ಕತ್ತರಿ ತಗೊಂಡು ಎಲ್ಲಾ ಬಿಚ್ಚಿ ಹಾಕು ದೀದಿ!" ಅಂದೆ.

"ಥೂ, ಒಳ್ಳೆ ಹೊಲಿಗೆ ಯಾಕೆ ಬಿಚ್ಚಲಿ?" ಅಂದ್ಲು ಅವಳು. ಆಮೇಲೆ ಕಣ್ಣು ಮಿಟುಕಿಸಿ ಇನ್ನೊಂದು ಕಥೆ ಹೇಳಿದ್ಲು. ಬಜೈ ಮನೆಗೆ ಇವಳು ಹೊಲಿದ ಬಟ್ಟೆ ಹೋದ ತಕ್ಷಣ ಅವರು ಒಂದು ಲೋಟ ನೀರಲ್ಲಿ ಬಂಗಾರದ ಬಳೆ ಅದ್ದಿ, ಆ ನೀರನ್ನ ಬಟ್ಟೆ ಮೇಲೆ ಚಿಮುಕಿಸ್ತಾರಂತೆ. ಬಂಗಾರ ಮುಟ್ಟಿದ ನೀರು ಬಿದ್ರೆ ಮೈಲಿಗೆ ಹೋಯ್ತು ಅಂತ ಲೆಕ್ಕ. ಗೀತಾ ಪಾಪ ನಾಚಿಕೊಂಡು ಬಾಯಿ ಬಿಟ್ಟಿದ್ಲು. ಅವತ್ತಿಂದ ಧನಮಾಯಾ ಏನು ಮಾಡ್ತಾಳೆ ಗೊತ್ತಾ? ದಹಾಲ್ ಮನೆಯ ಪ್ರತಿ ಬಟ್ಟೆಯ ಅಂಚಿನ ಒಳಗೆ ಒಂದೆಳೆ ಜರಿ ಸೇರಿಸಿ ಹೊಲೀತಾಳೆ. ಹೊಲಿದು ಫೋನ್ ಮಾಡಿ, "ಬಜೈ, ಬಂಗಾರ ನಾನೇ ಒಳಗೆ ಹಾಕಿದೀನಿ. ನೀವು ನೀರು ಹಾಕ್ಬೇಡಿ, ರೇಷ್ಮೆ ಕಲೆ ಕಟ್ಟುತ್ತೆ," ಅಂದ್ಲಂತೆ. ಅದಕ್ಕೆ ಬಜೈ, "ಅಸಲಿ ಬಂಗಾರಾನಾ?" ಅಂತ ಕೇಳಿದ್ರಂತೆ.

ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡೆ. ಆದ್ರೆ ಅವಳು ನಗು ನಿಲ್ಲಿಸಿ ಒಂದು ಮಾತು ಹೇಳಿದ್ಲು. "ನಗು, ನಗು. ನನಗೆ ಇರೋದು ಒಂದೇ ಆಸೆ. ನನ್ನ ಸೇಲ್ ರೋಟಿ ಒಂದ್ಸಲ, ಒಂದೇ ಒಂದ್ಸಲ, ಆ ಹಾಲ್‌ನಲ್ಲಿ ನಮ್ಮವರ ಬಾಯಿಗೆ ಬೀಳ್ಬೇಕು. ನಮ್ಮಮ್ಮ ಮಾಡ್ತಿದ್ಲು, ನಾವೇ ತಿಂತಿದ್ವಿ. ನಾನು ಮಾಡ್ತೀನಿ, ನಾವೇ ತಿಂತೀವಿ. ಹಬ್ಬದ ತಿಂಡಿ ಮನೆಯವರೇ ತಿಂದು ಮುಗಿಸೋದು ಒಂದು ಹಬ್ಬಾನಾ?"

ಸೇಲ್ ರೋಟಿ ಅಂದ್ರೆ ನೋಡೋಕೆ ದೊಡ್ಡ ಕೋಡುಬಳೆ, ತಿನ್ನೋಕೆ ಕಜ್ಜಾಯದ ತಂಗಿ. ಅಕ್ಕಿ ನೆನೆಸಿ ರುಬ್ಬಿ, ತುಪ್ಪ, ಸಕ್ಕರೆ, ಬಾಳೆಹಣ್ಣು, ಏಲಕ್ಕಿ ಕಲಸಿ, ಕೈಯಿಂದಲೇ ಕಾದ ಎಣ್ಣೆಗೆ ಬಳೆ ಥರ ಬಿಡೋದು. ಅವಳದ್ದು ತಿಂದಿದೀನಿ. ಅದನ್ನ ತಿನ್ನದೆ ಇರೋ ಜಾತಿಯವರ ಮೇಲೆ ನನಗೆ ಕೋಪಕ್ಕಿಂತ ಅಯ್ಯೋ ಪಾಪ ಅನ್ನಿಸುತ್ತೆ.

ಈಗ ನನ್ನ ಸಂಗತಿ ಒಂದು ಹೇಳ್ಬೇಕು. ಅದನ್ನ ಹೇಳದೆ ಮುಂದಿನದ್ದು ಅರ್ಥ ಆಗಲ್ಲ. ನಮ್ಮಪ್ಪ ನಂಜನಗೂಡಲ್ಲಿ ಬಸ್ ಸ್ಟ್ಯಾಂಡ್ ಹತ್ರ ಕೂತು ಚಪ್ಪಲಿ ಹೊಲೀತಿದ್ರು. ಆ ದುಡ್ಡಲ್ಲೇ ನಾನು ಮೈಸೂರಲ್ಲಿ ನರ್ಸಿಂಗ್ ಓದಿದ್ದು. ಈ ಊರಿಗೆ ಬಂದ ಮೇಲೆ ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. ನೀವು ಯಾವ ಕಡೆಯವರು ಅಂತ ಕೇಳಿದ್ರೆ ನಂಜನಗೂಡು ಅಂತಿದ್ದೆ. ಅಲ್ಲ, ಮನೇಲಿ ನಾನ್‌ವೆಜ್ ಮಾಡ್ತೀರಾ ಅಂತ ಕೇಳಿದ್ರೆ ಡ್ಯೂಟಿ ಮುಗಿಸಿ ಬಂದು ಅನ್ನ ಬೇಯಿಸೋಕೇ ಟೈಮಿಲ್ಲ ಅಂತಿದ್ದೆ. ಇಷ್ಟು ಬಾಯಿ ಇರೋ ನಾನು ಅದೊಂದು ಪ್ರಶ್ನೆಗೆ ಮಾತ್ರ ಹೇಡಿ.

ಮೊದಲು ಹೇಳಿದ್ದು ಧನಮಾಯಾಗೆ. ಅವಳ ಗ್ಯಾರೇಜಿಗೆ ಫ್ಲಾಸ್ಕಲ್ಲಿ ಟೀ ತಗೊಂಡು ಹೋಗಿದ್ದೆ. ಲೋಟಕ್ಕೆ ಬಗ್ಗಿಸಿ ಅವಳ ಕೈಗೆ ಕೊಡ್ತಾ, ಸುಮ್ನೆ ಮಾತಿಗೆ ಅನ್ನೋ ಹಾಗೆ ಹೇಳಿಬಿಟ್ಟೆ. ಲೋಟ ಬಾಯಿ ಹತ್ರ ಹೋಗಿದ್ದು ಹಾಗೇ ನಿಂತ್ಕೊಂಡ್ತು. ನಾನು ನೋಡಿದೆ. ನಾನು ನೋಡಿದ್ದನ್ನ ಅವಳೂ ನೋಡಿದ್ಲು.

"ಚಿರಾಂಗಲ್ಲಿ ಸಾರ್ಕಿಗಳು ಅಂತ ಇದ್ರು, ಚಪ್ಪಲಿ ಹೊಲಿಯೋರು," ಅಂದ್ಲು ಮೆಲ್ಲಗೆ. "ನಾವು ಅವರ ಮನೆ ನೀರು ಕುಡೀತಿರಲಿಲ್ಲ."

"ಈಗ?"

"ಈಗ ಟೀ ಆರ್ತಿದೆ," ಅಂತ ಒಂದೇ ಗುಟುಕಿಗೆ ಅಷ್ಟೂ ಕುಡಿದು, ನಾಲಿಗೆ ಸುಟ್ಟುಕೊಂಡು ಹಾ ಹಾ ಅಂತ ಕುಣಿದ್ಲು. ಆಮೇಲೆ ಹಣೆ ಚಚ್ಚಿಕೊಂಡು, "ನೋಡು ಬಹಿನಿ, ನಾನೇ ಪಟ್ಟಿ ಬರೆದಿದ್ರೆ ನಿನಗೆ ಜ್ಯೂಸ್ ಬಾಟ್ಲಿ ಬರೀತಿದ್ದೆ," ಅಂದ್ಲು. ಅವಳ ಮೇಲೆ ನನಗೆ ಪ್ರೀತಿ ಬಂದದ್ದು ಅವತ್ತು. ತನ್ನ ಹುಳುಕನ್ನ ಹಾಗೆ ಎದುರಿಗೆ ಒಪ್ಪಿಕೊಳ್ಳೋರು ಎಷ್ಟು ಜನ ಇದಾರೆ ಹೇಳಿ.

ಹೋದ ವರ್ಷ, 2016ರ ದಶೈಂಗೆ ಗೀತಾ ನನ್ನನ್ನೂ ಕರೆದ್ಲು. ಹಬ್ಬಕ್ಕೆ ಬರೋ ಹಿರಿಯರಿಗೆಲ್ಲ ಬಿಪಿ ನೋಡ್ಬೇಕು, ನರ್ಸ್ ಸಿಸ್ಟರ್ ಬನ್ನಿ, ಬರೋವಾಗ ಏನಾದ್ರೂ ಒಂದು ತಿಂಡಿ ತನ್ನಿ ಅಂತ. ನನಗೆ ತಕ್ಷಣ ತಲೆ ಓಡ್ತು. ಗ್ಯಾರೇಜಿಗೆ ಓಡಿದೆ. "ದೀದಿ, ಸೇಲ್ ರೋಟಿ ನೀನು ಮಾಡು. ನನ್ನ ಮನೇಲಿ ಮಾಡು. ನಾನು ತಗೊಂಡು ಹೋಗ್ತೀನಿ. ಯಾರು ಕೇಳ್ತಾರೆ?"

"ಬೇಡಮ್ಮಾ. ಗೊತ್ತಾದ್ರೆ ರಂಪ," ಅಂದ್ಲು. ಮೆಷಿನ್ ತುಳಿಯೋಕೆ ಶುರು ಮಾಡಿದ್ಲು. ಎರಡು ನಿಮಿಷ ತುಳಿದು ನಿಲ್ಲಿಸಿದ್ಲು. "ಬಜೈ ತಿಂತಾರೆ ಅಂತೀಯಾ?"

"ತಿಂತಾರೆ."

"ಯಾರಿಗೂ ಹೇಳಲ್ಲ ಅಂತ ಆಣೆ ಇಡು."

ಆಣೆ ಇಟ್ಟೆ. ಅವಳ ಮುಖದಲ್ಲಿ ಆಗ ಬಂದ ತುಂಟತನ ನೋಡ್ಬೇಕಿತ್ತು.

ಹಬ್ಬದ ದಿನ ಬೆಳಿಗ್ಗೆನೇ ನೆನೆಸಿದ ಅಕ್ಕಿ ಹೊತ್ಕೊಂಡು ನಮ್ಮ ಮನೆಗೆ ಬಂದ್ಲು. ಅಡಿಗೆಮನೆ ಬಾಗಿಲಲ್ಲಿ ನಿಂತು, ಒಳಗೆ ಬರ್ಲಾ ಅಂತ ಕೇಳಿದ್ಲು. ಬಾ ತಾಯಿ ಅಂತ ರಟ್ಟೆ ಹಿಡಿದು ಎಳ್ಕೊಂಡೆ. ತನ್ನವರ ಮನೆ ಬಿಟ್ರೆ ಬೇರೆಯವರ ಒಲೆ ಮುಂದೆ ಅವಳು ನಿಂತದ್ದು ಜೀವಮಾನದಲ್ಲಿ ಅದೇ ಮೊದಲಂತೆ. ಹಿಟ್ಟು ಬಿಡೋದೇನು, ತಿರುವಿ ಹಾಕೋದೇನು! ಹಳೇ ಸಾಮಾನು ಮಾರೋ ಆಪ್ ಶಾಪಲ್ಲಿ ತಂದ ಸ್ವೆಟರ್ ಹೆಣೆಯೋ ಕಡ್ಡಿ ಎರಡು ಇಟ್ಕೊಂಡು ಟಕ ಟಕ ಅಂತ ತೆಗೆದು ಹಾಕ್ತಿದ್ರೆ ನಾನು ಸುಮ್ನೆ ಬಾಯಿ ಬಿಟ್ಕೊಂಡು ನೋಡ್ತಿದ್ದೆ. ಹೊಗೆ ಏರಿ ಸ್ಮೋಕ್ ಅಲಾರಂ ಕಿವಿ ಹರಿದುಹೋಗೋ ಹಾಗೆ ಬಡಕೊಳ್ತು. ಅಶ್ವತ್ಥ ಒಂದು ಕೈಲಿ ಟವಲ್ ಬೀಸ್ತಾ ಇನ್ನೊಂದು ಕೈಲಿ ತಿಂತಾ ನಿಂತ. ಒಂದು ಗಂಟೇಲಿ ಒಂಬತ್ತು ತಿಂದ. ನೂರಿಪ್ಪತ್ತು ಮಾಡಿದ್ವಿ, ಡಬ್ಬಿಗೆ ಹೋದದ್ದು ನೂರಾ ಹನ್ನೊಂದು.

ಹಾಲ್‌ನಲ್ಲಿ ಡಬ್ಬಿ ಇಟ್ಟೆ. "ಅಯ್ಯೋ, ಸೇಲ್ ರೋಟಿ! ನೀವೇ ಮಾಡಿದ್ರಾ ಸಿಸ್ಟರ್?" ಅಂತ ಗೀತಾ ಕೇಳಿದ್ಲು. "ನಮ್ಮ ಮನೇಲಿ ಮಾಡಿದ್ದು," ಅಂದೆ. ಸುಳ್ಳಲ್ಲ ತಾನೇ.

ಧನಮಾಯಾ ಬಾಗಿಲ ಹತ್ರ, ತಾನು ತಂದ ಜ್ಯೂಸ್ ಬಾಟ್ಲಿಗಳ ಪಕ್ಕ, ಒಂದು ಕುರ್ಚೀಲಿ ಕೂತಿದ್ಲು. ಪ್ರತಿ ವರ್ಷ ಅದೇ ಜಾಗ. ಒಬ್ಬೊಬ್ಬರು ಡಬ್ಬಿಗೆ ಕೈ ಹಾಕಿದ ಹಾಗೂ ಅವಳು ಬೆರಳು ಮಡಿಚಿ ಎಣಿಸ್ತಿದ್ದದ್ದು ನನಗೆ ಇಲ್ಲಿಂದ ಕಾಣ್ತಿತ್ತು. ಮುಖ ಅರಳಿ ಊರಗಲ ಆಗಿತ್ತು.

ಬಜೈ ಬಂದು ನನ್ನ ಮುಂದೆ ಕೂತ್ರು. ಎಡಗೈಗೆ ಬಿಪಿ ಪಟ್ಟಿ ಸುತ್ತಿದೆ. ಬಲಗೈಲಿ ಮೂರನೇ ಸೇಲ್ ರೋಟಿ. ಅಗೀತಾ ಅಗೀತಾ ಹಿಂದೀಲಿ, "ನಮ್ಮತ್ತೆ ಚಿರಾಂಗಲ್ಲಿ ಹೀಗೇ ಮಾಡ್ತಿದ್ರು. ಊರು ಬಿಟ್ಟ ಮೇಲೆ ಇಂಥದ್ದು ತಿಂದೇ ಇಲ್ಲ. ನಮ್ಮ ಗೀತಾ ಮಾಡಿದ್ರೆ ಕಾರಿನ ಟಯರು," ಅಂದ್ರು. ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು. ನನ್ನ ಕೈ ಹಿಡ್ಕೊಂಡು, "ಈ ಕೈಗೆ ಬಂಗಾರದ ಬಳೆ ಹಾಕ್ಬೇಕು ಮಗಳೇ. ದೀಪದ ಹಬ್ಬಕ್ಕೆ ನಮ್ಮನೆಗೆ ಬಾ. ನನ್ನ ಅಡಿಗೆಮನೇಲಿ ನಿಂತು ಮಾಡ್ಕೊಡು," ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು.

ನಾನು ಬಾಗಿಲ ಕಡೆ ನೋಡಿದೆ. ಧನಮಾಯಾ ಬೆರಳು ಎಣಿಸೋದು ನಿಂತಿತ್ತು. ಮುಖದ ನಗು ಹೋಗಿತ್ತು. ತಲೆ ಬಗ್ಗಿಸಿ ಒಂದು ಪೇಪರ್ ನ್ಯಾಪ್ಕಿನ್ ಮಡಿಚ್ತಾ ಬಿಚ್ತಾ ಕೂತಿದ್ಲು.

ಥೂ ನನ್ನ ಬುದ್ಧಿಗಿಷ್ಟು ಅನ್ನಿಸ್ತು. ಅವಳ ಒಂದೇ ಒಂದು ಆಸೆ, ಅದನ್ನ ನಾನು ನನ್ನ ಹೆಸರಲ್ಲಿ ಬಡಿಸಿ, ಹೊಗಳಿಕೆನೂ ತಗೊಂಡು, ಅವಳ ಕಣ್ಣೆದುರಿಗೇ ಅಡಿಗೆಮನೆಗೆ ಕರೆಸ್ಕೊಂಡಿದ್ದೆ. ಸತ್ಯ ಹೇಳೋಣ ಅಂದ್ರೆ ಆಣೆ ಇಟ್ಟಿದೀನಿ. ಅವಳ ಗುಟ್ಟು ನಾನು ಬಿಡೋ ಹಾಗಿಲ್ಲ. ನನ್ನ ಗುಟ್ಟಿಗೆ ಆಣೆ ಇರಲಿಲ್ಲ.

"ಬಜೈ, ಅಡಿಗೆಮನೆಗೆ ಕರೆಯೋಕೆ ಮುಂಚೆ ನಾನು ಯಾರು ಅಂತ ಕೇಳ್ಬೇಕಿತ್ತು," ಅಂದೆ. "ನಮ್ಮಪ್ಪ ಚಪ್ಪಲಿ ಹೊಲೀತಿದ್ರು. ನಿಮ್ಮಲ್ಲಿ ಸಾರ್ಕಿ ಅಂತಾರಲ್ಲ, ಅವರ ಹಾಗೇ."

ಪಟ್ಟಿ ಇನ್ನೂ ಅಜ್ಜಿ ತೋಳಲ್ಲೇ ಇತ್ತು. ಮೆಷಿನ್ ಪೀಂ ಪೀಂ ಅಂತ ನೂರಾ ಎಪ್ಪತ್ತೆಂಟು ತೋರಿಸ್ತು. ನನ್ನದು ನೋಡಿದ್ರೆ ಅದಕ್ಕಿಂತ ಜಾಸ್ತಿ ಇರ್ತಿತ್ತು. ಗೀತಾ ಕೈಲಿದ್ದ ಸೌಟು ಗಾಳೀಲೇ ನಿಂತಿತು. ಯಾರೋ ಅರ್ಧ ತಿಂದ ರೋಟೀನ ಮೆತ್ತಗೆ ತಟ್ಟೆ ಅಂಚಿಗೆ ಸರಿಸಿದ್ರು.

ಆಗ ಕುರ್ಚಿ ಕರ್ ಅಂತ ಎಳೆದ ಸದ್ದು. ಧನಮಾಯಾ ಎದ್ದು ಬಂದ್ಲು. ಆರು ವರ್ಷದಲ್ಲಿ ಅವಳು ಅಡಿಗೆ ಇಟ್ಟಿದ್ದ ಮೇಜಿನ ಹತ್ರ ಬಂದೇ ಇರಲಿಲ್ಲ. ನೇರ ಬಂದು ಡಬ್ಬಿ ಮೇಲೆ ಕೈ ಇಟ್ಟು ನಿಂತ್ಲು. ನೇಪಾಳೀಲಿ ಅವಳು ಹೇಳಿದ್ದನ್ನ ಆಮೇಲೆ ನನಗೆ ಗೀತಾ ಬಿಡಿಸಿ ಹೇಳಿದ್ದು.

"ಅವಳ ಮೇಲೆ ಯಾಕೆ ಕಣ್ಣು ಬಿಡ್ತೀರಾ? ಅವಳಿಗೆ ದೋಸೆ ತಿರುವಿ ಹಾಕೋಕೂ ನೆಟ್ಟಗೆ ಬರಲ್ಲ. ಇದನ್ನ ಮಾಡಿದ್ದು ನಾನು. ಅಕ್ಕಿ ನಂದು, ಕೈ ನಂದು. ನೀರು ಅವಳ ಮನೇದು. ನಾನು ಹೊಲಿದಿದ್ದನ್ನ ಎಲ್ರೂ ಮೈಗೆ ಹಾಕ್ಕೊಂಡೇ ಕೂತಿದೀರ. ಇನ್ನು ಬಜೈ, ನಿಮಗೆ ಬಿಟ್ಟಿದ್ದು."

ದೋಸೆ ಮಾತಿಗೆ ನನಗೆ ಈಗಲೂ ಸಿಟ್ಟಿದೆ. ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ?

ಬಜೈ ಕೈಲಿ ಅರ್ಧ ರೋಟಿ ಉಳಿದಿತ್ತು. ಅದನ್ನ ನೋಡಿದ್ರು. ಧನಮಾಯಾನ ನೋಡಿದ್ರು. ನನ್ನನ್ನ ನೋಡಿದ್ರು. ಆಮೇಲೆ ತಮ್ಮ ಕೈಲಿದ್ದ ಬಂಗಾರದ ಬಳೇನ ನಿಧಾನಕ್ಕೆ ಕೆಳಗೆ ಸರಿಸಿ, ರೋಟಿಗೆ ಒಂದ್ಸಲ ಮುಟ್ಟಿಸಿದ್ರು. ಸಾಲದು ಅಂತ ಅನ್ನಿಸ್ತೋ ಏನೋ, ಇನ್ನೊಂದ್ಸಲ ಮುಟ್ಟಿಸಿದ್ರು. ಬಾಯಿಗಿಟ್ಕೊಂಡ್ರು. ಎಲ್ರೂ ನೋಡ್ತಾ ನಿಂತಿದ್ರೆ, ಹಲ್ಲಿಲ್ಲದ ಬಾಯಲ್ಲಿ ಅಗಿದೂ ಅಗಿದೂ ನುಂಗಿ, "ಏಲಕ್ಕಿ ಒಂಚೂರು ಕಮ್ಮಿ ಧನಮಾಯಾ," ಅಂದ್ರು.

ಧನಮಾಯಾ ನಕ್ಕಳೋ ಅತ್ತಳೋ ನನಗೆ ಹೇಳೋಕಾಗಲ್ಲ. ಎರಡೂ ಒಟ್ಟಿಗೆ ಆಗ್ತಿತ್ತು. ನನಗೆ ಆ ಬಳೆ ಮುಟ್ಟಿಸಿದ್ದು ನೋಡಿ ಮತ್ತೆ ಉರಿ ಹತ್ತಿತ್ತು, ಆದ್ರೆ ಅವಳು ಸೆರಗಲ್ಲಿ ಕಣ್ಣು ಒರೆಸ್ಕೊಂಡು, "ಬಿಡು ಬಹಿನಿ, ಹೊಟ್ಟೆ ಒಳಗೆ ಹೋಯ್ತಲ್ಲ," ಅಂದ್ಲು. ಎಲ್ರೂ ತಿಂದ್ರು ಅಂತ ನಾನು ಸುಳ್ಳು ಬರೆಯಲ್ಲ. ನಾಲ್ಕೈದು ಮನೆಯವರು ಕೈ ತೊಳ್ಕೊಂಡು ಆಚೆ ಹೋದ್ರು. ಸಂಜೆ ಡಬ್ಬಿ ಮಾತ್ರ ಖಾಲಿ ಇತ್ತು. ಕಾಲೇಜು ಹುಡುಗೀರು ಡಬ್ಬಿ ತಳ ಕೆರೆದು ತಿಂದ್ರು.

ಹೋದ ತಿಂಗಳು ಈ ವರ್ಷದ ದಶೈಂ ಪಟ್ಟಿ ಬಂತು. ಧನಮಾಯಾ ಫೋನ್ ಹಿಡ್ಕೊಂಡು ನಮ್ಮ ಮನೆಗೇ ಓಡಿ ಬಂದ್ಲು. ಅವಳಿಗೆ ಓದು ಬರಲ್ಲ. ನನಗೆ ಹಿಂದಿ ಅಕ್ಷರ ಬರುತ್ತೆ, ನೇಪಾಳೀನೂ ಅದರಲ್ಲೇ ಬರೀತಾರೆ. ಓದೇ ಓದೇ ಅಂತ ನನ್ನ ಭುಜ ಅಲ್ಲಾಡಿಸಿದ್ಲು. ಅನ್ನ, ಬೇಳೆ, ಪಲ್ಯ ಎಲ್ಲಾ ದಾಟ್ಕೊಂಡು ಬಂದು ಓದಿದೆ. "ಧನಮಾಯಾ ದರ್ಜಿ, ಸೇಲ್ ರೋಟಿ, ಇನ್ನೂರು."

ಚಪ್ಪಾಳೆ ತಟ್ಟಿ ಕೂಗಿದ್ಲು ನೋಡಿ, ಪಕ್ಕದ ಮನೆಯ ನಾಯಿ ಬೊಗಳೋಕೆ ಶುರು ಮಾಡ್ತು. "ಇನ್ನೊಂದ್ಸಲ ಓದು!" ಓದಿದೆ. "ಇನ್ನೊಂದ್ಸಲ!" ಓದಿದೆ. ಅವಳ ಹೆಸರು, ಅವಳ ತಿಂಡಿ, ಮಧ್ಯದಲ್ಲಿ ಯಾರೂ ಇಲ್ಲ.

"ಕೆಳಗೆ ಇನ್ನೊಂದು ಸಾಲಿದೆಯಲ್ಲ, ಅದೇನು?"

ನಾನು ಆಗಲೇ ನೋಡಿದ್ದೆ. "ಏನಿಲ್ಲ ಬಿಡು ದೀದಿ."

"ಓದು ಅಂದೆ."

"ನರ್ಸ್ ಶಾಂತಾ. ಕಾಗದದ ತಟ್ಟೆ, ಸೀಲ್ ಒಡೆಯದ ಜ್ಯೂಸ್ ಬಾಟ್ಲಿ."

ನಗೋಣ ಅಂದ್ಕೊಂಡೆ. ನಗಬೇಕಾದ್ದೇ ಅಲ್ವಾ, ಅವಳು ಒಂದು ಮೆಟ್ಟಿಲು ಹತ್ತಿದ್ಲು, ಖಾಲಿ ಆದ ಮೆಟ್ಟಿಲಿಗೆ ನನ್ನನ್ನ ಕೂರಿಸಿದ್ರು. ಆದ್ರೆ ನಗು ಬರಲಿಲ್ಲ. ನಂಜನಗೂಡಿನ ಹೋಟೆಲ್ ಹೊರಗೆ ನಮ್ಮಪ್ಪ ತೆಂಗಿನ ಚಿಪ್ಪಲ್ಲಿ ಟೀ ಕುಡೀತಿದ್ದದ್ದು ನೆನಪಾಗಿ ಕಣ್ಣಲ್ಲಿ ನೀರು ಬಂತು.

ಧನಮಾಯಾ ನನ್ನ ಮುಖ ನೋಡಿದ್ಲು. "ತಾ ಇಲ್ಲಿ ಫೋನು," ಅಂದ್ಲು. ಗೀತಾಗೆ ಫೋನ್ ಹಚ್ಚಿ, ನನಗೂ ಕೇಳ್ಲಿ ಅಂತ ಸ್ಪೀಕರ್ ಹಾಕಿ, ನನಗೂ ಅರ್ಥ ಆಗ್ಲಿ ಅಂತ ಹಿಂದೀಲೇ ಮಾತಾಡಿದ್ಲು.

"ಗೀತಾ, ಪಟ್ಟಿ ತಿದ್ಕೋ. ಧನಮಾಯಾ, ಶಾಂತಾ, ಇಬ್ರೂ ಸೇರಿ ಸೇಲ್ ರೋಟಿ. ಅವಳ ಮನೇಲೇ ಮಾಡೋದು, ಅವಳ ಮನೆ ನೀರಲ್ಲೇ ಕಲಸೋದು, ಅವಳೇ ಹೊತ್ಕೊಂಡು ಬಂದು ಬಡಿಸೋದು. ಆಗಲ್ಲ ಅಂದ್ರೆ ಇಬ್ರೂ ಸೇರಿ ಜ್ಯೂಸ್ ಬಾಟ್ಲಿ. ನನಗೆ ಅದು ಅಭ್ಯಾಸ ಇದೆ."

ನಾನು ಬೇಡ ಬೇಡ ಅಂತ ಕೈ ಆಡಿಸಿದೆ. ಏಳು ವರ್ಷ ಕಾದು ಸಿಕ್ಕಿದ ಒಂದು ಸಾಲು, ಅದನ್ನ ನನಗೋಸ್ಕರ ಹಾಗೆ ಕೈಯಿಂದ ಬಿಟ್ಬಿಡ್ತಿದಾಳಲ್ಲ ಅಂತ ನನ್ನ ಜೀವ ಹೊಡ್ಕೊಳ್ತಿತ್ತು. ಅವಳು ನನ್ನ ಕೈ ಮೇಲೆ ಒಂದು ಏಟು ಕೊಟ್ಟು ಸುಮ್ನಿರಿಸಿದ್ಲು. ಆ ಕಡೆ ಗೀತಾ ಅತ್ತೇನ ಕೇಳ್ತಿದಾಳೆ ಅಂತ ಗೊತ್ತಾಗ್ತಿತ್ತು. ಗುಸುಗುಸು. ಮತ್ತೆ ಗುಸುಗುಸು. ಧನಮಾಯಾ ಮೂಗಿನ ನತ್ತು ಅದುರ್ತಿತ್ತು. ಕೊನೆಗೆ ದೂರದಿಂದ ಮುದಿ ಗಂಟಲೊಂದು ಕೇಳಿಸ್ತು.

"ಈ ಸಲ ಏಲಕ್ಕಿ ಜಾಸ್ತಿ ಹಾಕೋಕೆ ಹೇಳು ಇಬ್ರಿಗೂ."

ಹಾಕಿದ್ವಿ. ಈ ಸಲ ನಾನೇ ಬಡಿಸಿದೆ. ಬಜೈ ನಾನು ಬಡಿಸಿದ್ದಕ್ಕೂ ಬಳೆ ಮುಟ್ಟಿಸ್ಕೊಂಡೇ ತಿಂದ್ರು, ಎಂಬತ್ತೆರಡು ವರ್ಷದ ಅಭ್ಯಾಸ. ಆದ್ರೆ ನಾಲ್ಕನೇ ರೋಟಿಗೆ ಮರೆತುಹೋಯ್ತು ಅಂತ ಕಾಣುತ್ತೆ, ಹಾಗೇ ಬಾಯಿಗಿಟ್ಕೊಂಡ್ರು. ಧನಮಾಯಾ ಮೇಜಿನ ಅಡೀಲಿ ನನ್ನ ತೊಡೆ ಚಿವುಟಿದ್ದು ಇನ್ನೂ ನೋಯ್ತಿದೆ.

ಅವತ್ತು ಮನೆಗೆ ಹೋಗ್ತಾ ಅವಳು ಕೇಳಿದ್ಲು. "ನಮ್ಮವರಿಗೆ ಹೇಳಿದೆ. ನಿಮ್ಮವರಿಗೆ ಯಾವಾಗ ಹೇಳ್ತೀಯಾ? ನನ್ನ ಗ್ಯಾರೇಜಿಗೆ ಬಂದಾಗ ನಾನು ಟೀ ಕೊಟ್ರೆ, ಈಗ ತಾನೇ ಕುಡಿದು ಬಂದೆ ಆಂಟಿ ಅಂತಾರಲ್ಲ, ಅವರಿಗೆ?"

ಅದಕ್ಕೇ ಜಯಲಕ್ಷ್ಮಿ, ನೀನು ಕೇಳಿದ ತಕ್ಷಣ ಆಗಲ್ಲ ಅಂದವಳು ಇಷ್ಟುದ್ದ ಬರ್ಕೊಟ್ಟಿದೀನಿ. ನಾನು ಯಾವ ಕಡೆಯವಳು ಅಂತ ನೀನು ಆರು ವರ್ಷದಿಂದ ಕೇಳ್ತಿದ್ದೆ, ಈಗ ಗೊತ್ತಾಯ್ತಲ್ಲ. ಒಂದಕ್ಷರ ಬಿಡದೆ ಹಾಕು. ಹೋದ ವರ್ಷ ಬಳಗದ ದೀಪಾವಳಿ ಊಟಕ್ಕೆ ನನ್ನ ಹೆಸರಿನ ಮುಂದೆ ನೀನು ಬಿಸಿಬೇಳೆಭಾತ್ ಬರ್ದಿದ್ದೆ, ಎಲ್ರೂ ಎರಡೆರಡು ಸಲ ಹಾಕಿಸ್ಕೊಂಡು ತಿಂದಿದ್ರಿ. ಈ ವರ್ಷದ ಪಟ್ಟಿ ಇನ್ನೂ ಬಂದಿಲ್ಲ. ಬೇಗ ಕಳಿಸು, ಬೇಳೆ ತರೋದಾ ಬಾಟ್ಲಿ ತರೋದಾ ಅಂತ ನನಗೆ ಗೊತ್ತಾಗ್ಬೇಕು.